ಮನೆ ತುಂಬುವ ಹಾಡಿನ ಧಾಟಿ

ನಮ್ಮ ಕಡೆ ಮದುವೆ ಮನೆಯಲ್ಲಿ ಹಾಡುವ ಹೆಂಗಸರಿಗೆ ಎರಡು ವಿದ್ಯೆ ಬರಬೇಕು. ಹಾಡು ಕಟ್ಟುವುದು ಒಂದು. ಧಾಟಿ ಎಲ್ಲಿಂದ ಬಂತೆಂದು ಮರೆಯುವುದು ಇನ್ನೊಂದು. ಸಿನಿಮಾದ್ದೋ ನಾಟಕದ್ದೋ, ಕಿವಿಗೆ ಹಿತವಾದ ಧಾಟಿಯೊಂದು ಬಿದ್ದರೆ ಸಾಕು, ಅದರ ಮೇಲೆ ಗಣಪತಿಯನ್ನೋ ಮದುಮಗನನ್ನೋ ಕೂರಿಸಿಬಿಡುತ್ತಾರೆ. ಮೊದಲು ಕಟ್ಟಿದವಳಿಗೆ ಅದು ಇಂಥದ್ದರ ಧಾಟಿ ಎಂದು ಗೊತ್ತಿರುತ್ತದೆ. ಅವಳಿಂದ ಕಲಿತವಳು ಕೇಳುವುದಿಲ್ಲ. ಇನ್ನೊಬ್ಬಳ ಬಾಯಿಗೆ ಹೋಗುವಷ್ಟರಲ್ಲಿ ಅದು ಅಜ್ಜಿಯ ಕಾಲದ ಹಾಡಾಗಿರುತ್ತದೆ. ನನ್ನ ಆಯಿ, ಎಂದರೆ ಅಮ್ಮ, ಶುಕ್ರವಾರ ಕಣ್ಣು ಮುಚ್ಚಿಕೊಂಡು ಹಾಡುವ ಆರತಿ ಹಾಡಿನ ಧಾಟಿ ಹಿಂದೆ ರೇಡಿಯೋದಲ್ಲಿ ಬರುತ್ತಿದ್ದ ಒಂದು ಬನಿಯನ್ ಜಾಹೀರಾತಿನದು. ಅಣ್ಣನಿಗೆ ಅದು ಗೊತ್ತಿರುವುದರಿಂದ ಶುಕ್ರವಾರ ಸಂಜೆ ಅವನು ದೇವರ ಕೋಣೆಯ ಕಡೆ ತಲೆ ಹಾಕುವುದಿಲ್ಲ. ಆಯಿಗೆ ಇನ್ನೂ ಯಾರೂ ಹೇಳಿಲ್ಲ, ಹೇಳುವುದೂ ಬೇಡ.

ಈ ಎರಡೂ ವಿದ್ಯೆಯಲ್ಲಿ ಮಹಾಲಕ್ಷ್ಮಿ ಚಿಕ್ಕಿಯನ್ನು ಮೀರಿಸುವವರು ಕುಮಟಾ ತಾಲೂಕಿನಲ್ಲಿಲ್ಲ. ಚಿಕ್ಕಿ ನನ್ನ ಆಯಿಯ ತಂಗಿ, ಮನೆ ಸಂತೆಗುಳಿ. ನೆರೆಮನೆಯ ಗಂಗಕ್ಕ ಮತ್ತು ಇನ್ನು ಕೆಲವು ಹೆಂಗಸರನ್ನು ಕಟ್ಟಿಕೊಂಡು ಅವಳದೊಂದು ಮೇಳವಿದೆ. ಮದುವೆ, ಉಪನಯನ, ಭಜನೆ ಸ್ಪರ್ಧೆ, ಯಾವುದಕ್ಕೂ ಅವರೇ. ಚಿಕ್ಕಿಗೆ ಒಂದು ಜಂಬವಿದೆ. ಅವಳು ಧಾರಾವಾಹಿ ನೋಡುವುದಿಲ್ಲ. ಟಿವಿ ಇದೆ, ವಾರ್ತೆಗೆ ಮತ್ತು ಯಕ್ಷಗಾನಕ್ಕೆ. ಧಾರಾವಾಹಿ ನೋಡುವವರ ತಲೆಯಲ್ಲಿ ತೆಂಗಿನ ಸಿಪ್ಪೆ ತುಂಬಿರುತ್ತದೆ ಎಂದು ಅವಳು ಹತ್ತು ಜನರ ಎದುರು ಹೇಳಿದ್ದಾಳೆ. ಕೇಳಿದ ಹತ್ತು ಜನವೂ ಮನೆಗೆ ಹೋಗಿ ಧಾರಾವಾಹಿ ನೋಡಿದರು, ಅದು ಬೇರೆ ಮಾತು.

ನಾನು ಶರ್ಮಿಳಾ. ಹೊನ್ನಾವರದಲ್ಲಿ ರಕ್ತ ತಪಾಸಣೆಯ ಲ್ಯಾಬಿನಲ್ಲಿ ಕೆಲಸ. ಬಂದ ಸಂಬಂಧಗಳಿಗೆಲ್ಲ ಬೇಡ ಬೇಡ ಎನ್ನುತ್ತಲೇ ಮೂವತ್ತಾರಾಯಿತು. ಕೊನೆಗೆ ನಾನಾಗಿಯೇ ಹೂಂ ಎಂದದ್ದು ಶಿರಾಲಿಯ ವಿನಾಯಕನಿಗೆ, ಭಟ್ಕಳದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನಿಗೆ. ಅವನ ಹೆಂಡತಿ ಕಾಮಾಲೆಯಾಗಿ ತೀರಿಕೊಂಡು ಮೂರು ವರ್ಷವಾಗಿತ್ತು. ಎಂಟು ವರ್ಷದ ಮಗಳಿದ್ದಳು, ಶ್ರೀಗೌರಿ. ನಮ್ಮೂರಿನ ಹೆಂಗಸರು ನನ್ನ ಕೈ ಹಿಡಿದು ಸಂತಾಪ ಸೂಚಿಸುವ ದನಿಯಲ್ಲಿ ಶುಭ ಹಾರೈಸಿದರು. ನನಗೆ ಸಿಟ್ಟು ಬರುತ್ತಿತ್ತು. ಸಿಟ್ಟು ನನಗೆ ಬೇಗ ಬರುತ್ತದೆ.

ಮೊದಲ ಸಲ ಮಾತಾಡಿದಾಗಲೇ ವಿನಾಯಕ ಒಂದು ವಿಷಯ ಬಿಚ್ಚಿ ಹೇಳಿದ್ದ. ಮಗುವಿನ ತಾಯಿಯ ತವರಿನವರು ಅಂಕೋಲೆಯ ಕಡೆಯವರು. ನೀನು ಇನ್ನೊಂದು ಮದುವೆಯಾಗುವುದಾದರೆ ಆಗು, ಕೂಸಿಗೆ ಕಷ್ಟವಾಗುತ್ತದೆಂದು ಕಂಡರೆ ನಾವು ಕರೆದುಕೊಂಡು ಹೋಗುತ್ತೇವೆ ಎಂದಿದ್ದರಂತೆ. ಅವನೂ ಒಪ್ಪಿದ್ದ. ಮದುವೆಯಾದ ಮೇಲೆ ಕೂಸು ತಾನಾಗಿ ಅಜ್ಜನ ಮನೆಗೆ ಹೋಗುತ್ತೇನೆ ಅಂದರೆ ತಡೆಯುವುದಿಲ್ಲ ಎಂದು ಮಾತು ಕೊಟ್ಟಿದ್ದ. ಎಂಟು ವರ್ಷದ ಕೂಸು ಹುಟ್ಟಿದ ಮನೆಯನ್ನು ಬಿಟ್ಟು ಹೋಗುವುದು, ಅದೂ ನಾನು ಆ ಮನೆಗೆ ಬಂದೆನೆಂಬ ಕಾರಣಕ್ಕೆ.

ಶ್ರೀಗೌರಿಯನ್ನು ನೋಡಲು ಹೋದ ದಿನ ನಾನು ಚಾಕಲೇಟು, ಬಣ್ಣದ ಪೆನ್ಸಿಲು ಎಲ್ಲ ಒಯ್ದಿದ್ದೆ. ಅವಳು ತೆಗೆದುಕೊಂಡಳು, ಥ್ಯಾಂಕ್ಸ್ ಹೇಳಿದಳು, ಎದುರಿನ ಕುರ್ಚಿಯಲ್ಲಿ ಕೂತು ನನ್ನನ್ನೇ ನೋಡಿದಳು. ದೊಡ್ಡವರೆಲ್ಲ ಚಾ ಮಾಡುವ ನೆಪದಲ್ಲಿ ಒಳಗೆ ಹೋದಾಗ ಮೆಲ್ಲಗೆ ಕೇಳಿದಳು.

"ನೀನು ಕನಕವಲ್ಲಿ ಥರ ಮಾಡ್ತ್ಯಾ?"

ಕನಕವಲ್ಲಿ ಯಾರೆಂದು ನನಗೆ ಗೊತ್ತಿರಲಿಲ್ಲ. ಅವರೂರಿನ ಯಾರೋ ಹೆಂಗಸಿರಬೇಕು ಅಂದುಕೊಂಡೆ. ಆಮೇಲೆ ತಿಳಿಯಿತು. ಶ್ರೀಗೌರಿಯ ಅಜ್ಜಿ, ಎಂದರೆ ವಿನಾಯಕನ ತಾಯಿ, ಸಂಜೆ ದೀಪ ಹಚ್ಚಿದ ಮೇಲೆ ಒಂದು ಧಾರಾವಾಹಿ ನೋಡುತ್ತಾರೆ. ಕೂಸು ಮಡಿಲಲ್ಲಿ ತಲೆಯಿಟ್ಟುಕೊಂಡು ತಾನೂ ನೋಡುತ್ತದೆ. ಅದರ ಹೆಸರು ಹೇಳಿ ಪುಕ್ಕಟೆ ಜಾಹೀರಾತು ಕೊಡುವ ಮನಸ್ಸು ನನಗಿಲ್ಲ. ತಾಯಿ ಸತ್ತ ಹುಡುಗಿ, ಅವಳ ಮನೆಗೆ ಬರುವ ಮಲತಾಯಿ ಕನಕವಲ್ಲಿ. ಬಂದವಳೇ ಸತ್ತವಳ ಸೀರೆ ಉಡುತ್ತಾಳೆ, ಬಳೆ ತೊಡುತ್ತಾಳೆ, ಫೋಟೋ ತೆಗೆದು ಅಟ್ಟಕ್ಕೆ ಹಾಕುತ್ತಾಳೆ, ಹುಡುಗಿಯನ್ನು ಹಾಸ್ಟೆಲಿಗೆ ಕಳಿಸುತ್ತಾಳೆ. ನಮ್ಮ ಕರಾವಳಿಯ ಅರ್ಧ ಮನೆಗಳಲ್ಲಿ ಅದು ಓಡುತ್ತಿದೆ.

ನಾನು ರಜೆಯ ದಿನ ಕೂತು ಫೋನಿನಲ್ಲಿ ಅದನ್ನು ನೋಡಿದೆ. ನನ್ನ ವೈರಿ ಹೇಗಿದ್ದಾಳೆಂದು ಗೊತ್ತಿರಬೇಕಲ್ಲ. ಕತೆಯಲ್ಲಿ ಹುರುಳಿಲ್ಲ. ಆದರೆ ಹಾಡು ಬಲು ಚೆನ್ನಾಗಿತ್ತು, ಅದೇ ತೊಂದರೆ. ಶುರುವಿನಲ್ಲಿ ಒಂದು ಹುಡುಗಿಯ ದನಿ ಹಾಡುತ್ತದೆ:

ಅಮ್ಮನ ಸೀರೆ ಉಟ್ಟು ಬಂದವಳು ಯಾರಮ್ಮ
ಅಮ್ಮನ ಬಳೆ ತೊಟ್ಟು ನಿಂತವಳು ಯಾರಮ್ಮ

ಆಮೇಲೆ ಕನಕವಲ್ಲಿ ಬಾಗಿಲಲ್ಲಿ ಕಾಣಿಸಿಕೊಂಡಾಗೆಲ್ಲ ಅದೇ ಧಾಟಿಯನ್ನು ಪಿಟೀಲು ನಿಧಾನಕ್ಕೆ ಎಳೆಯುತ್ತದೆ. ಮಾತಿಲ್ಲದಿದ್ದರೂ ಮಾತು ಕೇಳಿಸುತ್ತದೆ. ಒಂದು ಸಲ ಕೇಳಿದರೆ ತಲೆಯಿಂದ ಹೋಗುವುದಿಲ್ಲ. ನಾನು ಲ್ಯಾಬಿನಲ್ಲಿ ಯಾರದೋ ರಕ್ತ ತೆಗೆಯುತ್ತ ಅದನ್ನೇ ಗುನುಗಿ, ನನಗೆ ನಾನೇ ಬೈದುಕೊಂಡಿದ್ದೇನೆ.

ಶ್ರೀಗೌರಿಯ ಪ್ರಶ್ನೆಗೆ ನಾನು ಅವತ್ತು ಉತ್ತರ ಕೊಡಲಿಲ್ಲ. ಮುಂದೆ ಹೋದಾಗಲೆಲ್ಲ ಅವಳ ಜೊತೆ ಕೂತು ಚಿತ್ರ ಬರೆದೆ, ಮುರ್ಡೇಶ್ವರದ ಸಮುದ್ರದ ದಂಡೆಗೆ ಕರೆದುಕೊಂಡು ಹೋದೆ. ಅವಳು ಸ್ವಲ್ಪ ಸ್ವಲ್ಪ ಹತ್ತಿರ ಬಂದಳು, ಒಮ್ಮೆ ನನ್ನ ಚಪ್ಪಲಿ ಹಾಕಿಕೊಂಡು ಅಂಗಳವಿಡೀ ಓಡಾಡಿದಳು. ಅಪ್ಪ ಕೇಳಿದಾಗ ಮದುವೆಗೆ "ಆತು" ಎಂದಳಂತೆ. ಆ ಒಂದು ಮಾತನ್ನು ನಾನು ತುಂಬಿದ ಕೊಡದ ಹಾಗೆ ಹೊತ್ತುಕೊಂಡು ತಿರುಗುತ್ತಿದ್ದೆ. ಎಲ್ಲಿ ಎಡವುತ್ತೇನೋ ಎಂಬ ಹೆದರಿಕೆ.

ಮದುವೆ ಮೇ ತಿಂಗಳಲ್ಲಿ, ಹೊನ್ನಾವರದ ಒಂದು ಸಣ್ಣ ಕಲ್ಯಾಣ ಮಂಟಪದಲ್ಲಿ ನಡೆಯಿತು. ಚಿಕ್ಕಿಯ ಮೇಳ ಬೆಳಗಿನಿಂದ ಹಾಡಿತು. ಊಟ ಮುಗಿದ ಮೇಲೆ ಮನೆ ತುಂಬಿಸಿಕೊಳ್ಳುವ ಶಾಸ್ತ್ರಕ್ಕೆ ಶಿರಾಲಿಗೆ ಹೊರಡಬೇಕಿತ್ತು. ಹೊಸ ಹೆಣ್ಣನ್ನು ಒಳಗೆ ಕರೆಯುವ ಹಾಡನ್ನು ಗಂಡಿನ ಮನೆಯವರು ಹಾಡುವುದು ರೂಢಿ. ಆದರೆ ತಮ್ಮಲ್ಲಿ ಹಾಡುವವರು ಯಾರೂ ಉಳಿದಿಲ್ಲ, ನಿಮ್ಮವರೇ ಬಂದು ಹಾಡಿಕೊಡಲಿ ಎಂದು ವಿನಾಯಕನ ತಾಯಿ ಚಿಕ್ಕಿಯನ್ನು ಮೊದಲೇ ಕೇಳಿಕೊಂಡಿದ್ದರು. ಚಿಕ್ಕಿ ಇದಕ್ಕೆಂದೇ ಹೊಸ ಹಾಡು ಕಟ್ಟಿದ್ದಳು. ಮೇಳದವರ ಹೊರತು ಯಾರಿಗೂ ಕೇಳಿಸಿರಲಿಲ್ಲ. ಬಾಗಿಲಲ್ಲೇ ಕೇಳು ಎಂದು ಮುಗುಳ್ನಗುತ್ತಿದ್ದಳು.

ಅತ್ತೆ, ಶ್ರೀಗೌರಿ ಮತ್ತು ಅವರ ಕಡೆಯವರು ಮೊದಲೇ ಹೊರಟುಹೋದರು. ಮೇಳದ ಹೆಂಗಸರು ಟೆಂಪೋ ಹತ್ತಿದರು. ಕಾರಿನಲ್ಲಿ ಹಿಂದೆ ನಾನು, ವಿನಾಯಕ. ಮುಂದೆ ಡ್ರೈವರನ ಪಕ್ಕ ಚಿಕ್ಕಿ, ತೊಡೆಯ ಮೇಲೆ ದೊಡ್ಡ ಚೀಲ. ಶರಾವತಿ ಸೇತುವೆ ದಾಟಿ ಗಾಳಿ ಬೀಸಿದಾಗ ಬೆಳಗಿನಿಂದ ಮೊದಲ ಸಲ ನನ್ನ ಮೈ ಹಗುರಾಯಿತು. ಕಣ್ಣು ಎಳೆಯುತ್ತಿತ್ತು. ಚಿಕ್ಕಿ ಗಂಟಲು ಸರಿ ಮಾಡಿಕೊಂಡು ತನ್ನಷ್ಟಕ್ಕೆ ಗುನುಗತೊಡಗಿದಳು.

ಅರಿಶಿನ ಕಾಲಿಟ್ಟು ಒಳಗೆ ನೀ ಬಾರಮ್ಮ
ಆರತಿ ಬೆಳಕಲ್ಲಿ ನಗುನಗುತ ಬಾರಮ್ಮ

ಅದು ಕನಕವಲ್ಲಿಯ ಧಾಟಿ. ನನ್ನ ಕಿವಿಯದೇ ತಪ್ಪಿರಬೇಕು, ಹಗಲೂ ರಾತ್ರಿ ಅದನ್ನೇ ನೆನೆದು ಎಲ್ಲದರಲ್ಲೂ ಅದೇ ಕೇಳಿಸುತ್ತಿದೆ ಎಂದುಕೊಂಡೆ. ಚಿಕ್ಕಿ ಎರಡನೇ ಸಲ ಹಾಡಿದಳು. ತಪ್ಪಿರಲಿಲ್ಲ. ಎಳೆಯುವ ಜಾಗ, ನಿಲ್ಲುವ ಜಾಗ, ಕೊನೆಯಲ್ಲಿ ದನಿ ಇಳಿಯುವ ರೀತಿ, ಎಲ್ಲ ಅದೇ. ಪ್ರಾಸ ಕೂಡ ಅದೇ.

ಎಲ್ಲಿಂದ ಬಂತು ಈ ಧಾಟಿ ಎಂದು ಕೇಳಿದೆ. ಚಿಕ್ಕಿ ಹೆಮ್ಮೆಯಿಂದ ತಿರುಗಿದಳು. ಕುಮಟೆಯ ಭಜನೆ ಸ್ಪರ್ಧೆಯಲ್ಲಿ ಮಾವಳ್ಳಿ ಕಡೆಯ ಮೇಳವೊಂದು ದೇವಿಯ ಹಾಡು ಹಾಡಿತಂತೆ, ಕೆಂಪಿನ ಸೀರೆ ಉಟ್ಟು ಬಂದವಳು ತಾಯಮ್ಮ ಎಂದು. ಕೇಳಿ ಮೈ ಜುಮ್ಮೆಂದಿತಂತೆ. ಇಂಥ ಧಾಟಿಗೆ ಶರ್ಮಿಳನ ಮನೆ ತುಂಬುವ ಹಾಡು ಕಟ್ಟದಿದ್ದರೆ ತಾನಿದ್ದು ಏನು ಪ್ರಯೋಜನ ಎಂದು ಅವತ್ತೇ ನಿಶ್ಚಯ ಮಾಡಿದಳಂತೆ. ಮಾವಳ್ಳಿಯವರಿಗೆ ಯಾರಿಂದ ಬಂತೋ ಅವರೂ ಕೇಳಿರಲಿಕ್ಕಿಲ್ಲ. ಹೀಗೆ ಮಲತಾಯಿ ದೇವಿಯಾಗಿ, ದೇವಿ ಮದುಮಗಳಾಗಿ, ಸುತ್ತು ಹೊಡೆದು ಸರಿಯಾಗಿ ನನ್ನ ತಲೆಯ ಮೇಲೆ ಬಂದು ಕೂತಿದ್ದಳು.

ನಾನು ಚಿಕ್ಕಿಗೆ ಹೇಳಿದೆ. ಆದಷ್ಟು ಮೆತ್ತಗೆ ಹೇಳಲು ನೋಡಿದೆ, ಆಗಲಿಲ್ಲ, ದನಿ ಏರಿತು. ಧಾರಾವಾಹಿಯ ಹಾಡಿನ ಮಾತುಗಳನ್ನೂ ಹೇಳಿದೆ. ಚಿಕ್ಕಿಯ ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಗಿದುಕೊಂಡಿತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವಳು ಅವಳು.

"ಧಾಟಿ ಯಾರ ಅಪ್ಪನ ಮನೆ ಆಸ್ತಿನೂ ಅಲ್ಲ. ಆನು ದೇವರ ಹಾಡಿಂದ ತಗಂಡಿದ್ದಿ," ಎಂದಳು.

ತಾನು ಅದನ್ನು ನೋಡಿಲ್ಲ, ಮೇಳದವರು ನೋಡಿಲ್ಲ ಎಂದೂ ಸೇರಿಸಿದಳು. ಮೇಳದವರು ನೋಡಿಲ್ಲವೆಂಬುದು ಶುದ್ಧ ಸುಳ್ಳು. ಗಂಗಕ್ಕ ಅಡುಗೆ ಬಿಟ್ಟಾದರೂ ಆ ಧಾರಾವಾಹಿ ನೋಡುವವಳು. ತೆಂಗಿನ ಸಿಪ್ಪೆಯ ಮಾತಿಗೆ ಹೆದರಿ ಬಾಯಿ ಮುಚ್ಚಿಕೊಂಡು ತಿಂಗಳಿಡೀ ಅಭ್ಯಾಸ ಮಾಡಿರಬೇಕು. ಹೇಳಿದರೆ ಧಾರಾವಾಹಿ ನೋಡುತ್ತೀಯಾ ಎಂದು ಬೈಸಿಕೊಳ್ಳಬೇಕು, ಹೇಳದಿದ್ದರೆ ಮದುಮಗಳ ಗತಿ ಏನಾದರೂ ಆಗಲಿ. ನನಗೆ ಅಳು ಬಂತು. ಮದುವೆಯ ದಿನ ಅಳಬೇಕಾದ ಹೊತ್ತಿನಲ್ಲಿ ಅತ್ತಿರಲಿಲ್ಲ, ಈಗ ಈ ಪಿಟೀಲಿಗಾಗಿ ಅತ್ತೆ.

ವಿನಾಯಕ ಧಾರಾವಾಹಿ ನೋಡಿದವನಲ್ಲ. ಆದರೆ ಕೆಲವು ದಿನ ಸಂಜೆ ಆ ಹಾಡು ಬಂದಾಗ ಶ್ರೀಗೌರಿ ಎದ್ದು ಹೋಗಿ ತಾಯಿಯ ಫೋಟೋ ಜಾಗದಲ್ಲೇ ಇದೆಯೋ ಎಂದು ನೋಡಿ ಬರುತ್ತಾಳೆ ಎಂದ. ಈಚೆಗೆ ಅದು ಕಡಿಮೆಯಾಗಿದೆ ಎಂದ. ಚಿಕ್ಕಿ ಮುಂದೆ ತಿರುಗಿ ರಸ್ತೆ ನೋಡುತ್ತ ಕೂತಳು. ಮಂಕಿ ಊರು ದಾಟಿದ ಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, ಬೇಡ, ಹಳೇ ಹಾಡನ್ನೇ ಹಾಡೋಣ, ನಮ್ಮ ಅಜ್ಜಿ ಹಾಡುತ್ತಿದ್ದದ್ದು, ಅದರ ಧಾಟಿಯ ಮೇಲೆ ಯಾರ ನೆರಳೂ ಬಿದ್ದಿಲ್ಲ ಎಂದಳು. ಗಂಗಕ್ಕನಿಗೆ ಈಗಲೇ ಹೇಳಿಬಿಡು ಎಂದಳು.

ನಾನು ಗಂಗಕ್ಕನಿಗೆ ಫೋನು ಮಾಡಿದೆ. ಫೋನು ಚಿಕ್ಕಿಯ ತೊಡೆಯ ಮೇಲಿನ ಚೀಲದಲ್ಲಿ ರಿಂಗಾಯಿತು.

ಹಾಡಿನ ನಡುವೆ ಫೋನು ಕೂಗಬಾರದೆಂದು ಚಿಕ್ಕಿ ಮೇಳದವರ ಫೋನುಗಳನ್ನೆಲ್ಲ ಬೆಳಿಗ್ಗೆಯೇ ಕಸಿದು ಚೀಲಕ್ಕೆ ಹಾಕಿಕೊಳ್ಳುತ್ತಾಳೆ. ಶಿಸ್ತು ಎಂದರೆ ಶಿಸ್ತು. ಗಂಗಕ್ಕನ ಫೋನು ಅಲ್ಲೇ ಒಳಗೆ ಗಣಪತಿ ಸ್ತೋತ್ರ ಹೇಳುತ್ತಿತ್ತು. ವಿನಾಯಕ ಮನೆಗೆ ಫೋನು ಮಾಡಿದ, ತಾಯಿ ಎತ್ತಲಿಲ್ಲ. ಚಿಕ್ಕಪ್ಪನ ಮಗ ಸಂದೇಶನಿಗೆ ಮಾಡಿದ, ಬ್ಯುಸಿ ಬಂತು. ಟೆಂಪೋ ಡ್ರೈವರನ ನಂಬರು ಯಾರ ಬಳಿಯೂ ಇರಲಿಲ್ಲ. ಮುರ್ಡೇಶ್ವರದ ತಿರುವಿನ ಹತ್ತಿರ ರಸ್ತೆ ಕೆಲಸ ನಡೆದಿತ್ತು. ಸಾಲುಗಟ್ಟಿದ ಲಾರಿಗಳ ಹಿಂದೆ ನಮ್ಮ ಕಾರು ನಿಂತುಬಿಟ್ಟಿತು. ಟೆಂಪೋ ಎಷ್ಟೋ ಮುಂದೆ ಹೋಗಿತ್ತು.

ಲ್ಯಾಬಿನಲ್ಲಿ ಯಾರದೋ ವರದಿ ಕೆಟ್ಟದಾಗಿ ಬಂದು, ಅವರು ಹೊರಗಿನ ಬೆಂಚಿನ ಮೇಲೆ ಏನೂ ಗೊತ್ತಿಲ್ಲದೆ ನಗುತ್ತ ಕೂತಿರುವಾಗ ನನಗಾಗುವ ಸಂಕಟ ಆಗ ಆಯಿತು. ಇದು ಸಣ್ಣ ವಿಷಯ, ಒಂದು ಹಾಡು ಎಂದು ನನಗೆ ನಾನೇ ಹೇಳಿಕೊಂಡೆ. ದೊಡ್ಡವರಿಗೆ ಸಣ್ಣದು. ಆ ಕೂಸಿಗೆ ಆ ಹಾಡು ಬಾಗಿಲಲ್ಲಿ ಯಾರು ನಿಂತಿದ್ದಾರೆಂದು ಹೇಳುವ ಗುರುತು. ಹೊಸ ಹೆಂಗಸು, ಹೊಸ್ತಿಲು, ಮೇಲಿಂದ ಆ ಹಾಡು. ನಾಳೆ ಬೆಳಿಗ್ಗೆ ಅವಳು ಚೀಲ ತುಂಬಿಕೊಂಡು ಅಂಕೋಲೆಗೆ ಹೋಗುತ್ತೇನೆ ಅಂದರೆ ನಾನು ಯಾವ ಬಾಯಲ್ಲಿ ಬೇಡ ಎನ್ನಲಿ. ಬೆವರಿನಿಂದ ಕುಂಕುಮ ಇಳಿದು ಮೂಗಿನ ಮೇಲೆ ಬಂತು, ವಿನಾಯಕ ಕರವಸ್ತ್ರ ಕೊಟ್ಟ.

ಶಿರಾಲಿ ತಲುಪಿದಾಗ ಮನೆಯ ಅಂಗಳದಲ್ಲಿ ಊರೇ ನೆರೆದಿತ್ತು. ಚಪ್ಪರದ ಒಂದು ಬದಿಗೆ ಮೇಳದ ಹೆಂಗಸರು ಸಾಲಾಗಿ ನಿಂತಿದ್ದರು, ಗಂಗಕ್ಕನ ಕೈಯಲ್ಲಿ ಮೈಕು. ಚಿಕ್ಕಿ ಕಾರು ಪೂರ್ತಿ ನಿಲ್ಲುವ ಮೊದಲೇ ಇಳಿದಳು. ಜನರ ನಡುವೆ ನುಗ್ಗಲು ದಾರಿಯಿರಲಿಲ್ಲ. ಹಾಗಾಗಿ ನಿಂತಲ್ಲಿಂದಲೇ, ಬೇಡ, ನಿಲ್ಲಿಸಿ ಎಂದು ಕೈ ಎತ್ತಿದಳು.

ಹತ್ತು ವರ್ಷದಿಂದ ಚಿಕ್ಕಿ ಕೈ ಎತ್ತಿದರೆ ಹಾಡು ಶುರು ಎಂದರ್ಥ. ಗಂಗಕ್ಕ ಶುರು ಮಾಡಿದಳು.

ಹಾಡು ಕೆಟ್ಟದಾಗಿದ್ದರೆ ಯಾರೂ ಕಿವಿಗೊಡುತ್ತಿರಲಿಲ್ಲವೋ ಏನೋ. ಮೇಳ ಅಭ್ಯಾಸ ಮಾಡಿತ್ತು, ದನಿ ಒಂದಕ್ಕೊಂದು ಕೂಡಿ ಎಷ್ಟು ಚೆನ್ನಾಗಿ ಬಂತೆಂದರೆ ಅಂಗಳದ ಮಾತೆಲ್ಲ ನಿಂತಿತು. ಮೊದಲ ಸಾಲಿಗೆ ಜನ ಸುಮ್ಮನಿದ್ದರು. ಎರಡನೇ ಸಾಲಿಗೆ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೋ ಕಿಸಕ್ಕೆಂದರು. ಒಂದೆರಡು ಫೋನು ಮೇಲೆದ್ದವು. ಹಿರಿಯರೊಬ್ಬರು, ಬಹಳ ಹಳೇ ಹಾಡು ಇದು, ಎಂದು ತಲೆದೂಗಿದ್ದು ಕೂಡ ನನಗೆ ಕೇಳಿಸಿತು. ಹೊರಗೆ ಯಾರಿಗೆ ಏನು ಕೇಳಿಸಿದರೆ ನನಗೇನು. ನಾನು ಬಾಗಿಲು ನೋಡುತ್ತಿದ್ದೆ.

ವಿನಾಯಕ ಮತ್ತು ನಾನು ಮೆಟ್ಟಿಲಿಗೆ ಬಂದೆವು. ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು. ಅತ್ತೆ ಹರಿವಾಣದಲ್ಲಿ ಆರತಿಯ ಜೊತೆ ಎರಡು ಚಿನ್ನದ ಬಳೆ ಇಟ್ಟುಕೊಂಡು ಬಂದರು. ಆ ಮನೆಯ ಪದ್ಧತಿ ಅದು, ಬರುವ ಸೊಸೆಗೆ ಹೊಸ್ತಿಲಾಚೆಯೇ ಮನೆಯ ಬಳೆ ತೊಡಿಸಿ ಒಳಗೆ ಕರೆಯುವುದು. ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಗಡಿಬಿಡಿಯಲ್ಲಿ ಅವರಿಗೆ ಹಾಡಿನ ಕಡೆ ಲಕ್ಷ್ಯವಿರಲಿಲ್ಲ. ನನ್ನ ಬಲಗೈ ಹಿಡಿದು ಗಾಜಿನ ಬಳೆಗಳ ಮುಂದೆ ಅವೆರಡನ್ನೂ ಏರಿಸಿದರು. ಬಳೆಗಳು ಸವೆದು ನುಣುಪಾಗಿದ್ದವು. ಯಾರು ತೊಟ್ಟು ಸವೆಸಿದ್ದೆಂದು ನಾನು ಕೇಳಬೇಕಾಗಿರಲಿಲ್ಲ.

ಆಗ ಮೇಳ ಪಲ್ಲವಿಗೆ ಮರಳಿತು. ಪಂಪಿನ ಕಟ್ಟೆಯ ಮೇಲೆ ಕೂತಿದ್ದ ನೆರೆಮನೆಯ ಮಕ್ಕಳು ತಡೆಯಲಾರದೆ ತಾವೂ ದನಿಗೂಡಿಸಿದರು. ಅವರಿಗೆ ಗೊತ್ತಿದ್ದದ್ದು ಅಸಲು ಮಾತು. ಚಿಕ್ಕಿಯ ಅರಿಶಿನ, ಆರತಿ ಎಲ್ಲ ಮುಳುಗಿಹೋಗಿ ಅಂಗಳದಲ್ಲಿ ಮಕ್ಕಳ ದನಿಯೇ ಮೇಲಾಯಿತು.

ಅಮ್ಮನ ಬಳೆ ತೊಟ್ಟು ನಿಂತವಳು ಯಾರಮ್ಮ

ಎಲ್ಲರೂ ನನ್ನ ಕೈ ನೋಡಿದರು. ಈಗ ಅತ್ತೆಗೆ ತಿಳಿಯಿತು. ದಿನಾ ಸಂಜೆ ಕೇಳಿದ ಹಾಡು, ತಿಳಿಯದೇ ಇರುತ್ತದೆಯೇ. ಹರಿವಾಣ ವಾಲಿತು, ವಿನಾಯಕ ಹಿಡಿದುಕೊಂಡ. ಗಂಗಕ್ಕ ಹಾಡುತ್ತಲೇ ಅಳತೊಡಗಿದಳು, ಆದರೆ ನಿಲ್ಲಿಸಲಿಲ್ಲ, ಚಿಕ್ಕಿಯ ಕೈ ಇಳಿಯದೆ ಮೇಳ ನಿಲ್ಲುವಂತಿಲ್ಲ. ಚಿಕ್ಕಿ ಕೈ ಎತ್ತಿಕೊಂಡೇ ಕಲ್ಲಿನ ಹಾಗೆ ನಿಂತಿದ್ದಳು. ಸಂದೇಶ ಓಡಿ ಹೋಗಿ ಮೈಕಿನ ವೈರು ಕಿತ್ತ. ಆಗ ಎಲ್ಲ ನಿಂತಿತು.

ಬಾಗಿಲಲ್ಲಿ ಶ್ರೀಗೌರಿ ನಿಂತಿದ್ದಳು. ಹಸಿರು ಲಂಗ, ಹೊಸ ಹೂ. ಸೂಜಿ ಕಂಡ ಮಕ್ಕಳು ತಕ್ಷಣ ಅಳುವುದಿಲ್ಲ, ಹೆಬ್ಬೆರಳನ್ನು ಮುಷ್ಟಿಯೊಳಗೆ ಅಡಗಿಸಿಕೊಳ್ಳುತ್ತಾರೆ. ಅವಳ ಎರಡೂ ಹೆಬ್ಬೆರಳು ಮುಷ್ಟಿಯೊಳಗಿದ್ದವು. ಅವಳು ನನ್ನ ಮುಖ ನೋಡುತ್ತಿರಲಿಲ್ಲ, ಬಳೆ ನೋಡುತ್ತಿದ್ದಳು. ಹಾಡು ನಿಂತಿದ್ದರೂ ಪ್ರಶ್ನೆ ಅಲ್ಲೇ ನಿಂತಿತ್ತು. ಯಾರೋ ಹಿಂದಿನಿಂದ, ಸೇರು ಒದ್ದು ಒಳಗೆ ಬಾ, ಮುಹೂರ್ತ ಮೀರುತ್ತದೆ ಎಂದರು. ಇನ್ಯಾರೋ, ಏನೂ ಇಲ್ಲ ಮಗಾ, ಸುಮ್ಮನೆ ಹಾಡು ಅದು ಎಂದು ಅವಳನ್ನು ಎತ್ತಿಕೊಳ್ಳಲು ಬಂದರು. ಅವಳು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು.

ಲ್ಯಾಬಿನಲ್ಲಿ ನಾನು ಮಕ್ಕಳಿಗೆ ನೋಯುವುದಿಲ್ಲ ಎಂದು ಯಾವತ್ತೂ ಹೇಳುವುದಿಲ್ಲ. ನೋಯುತ್ತದೆ, ಅದು ಅವರಿಗೂ ಗೊತ್ತು, ಸುಳ್ಳು ಹೇಳಿದವಳ ಕೈಗೆ ಆಮೇಲೆ ಅವರು ತೋಳು ಕೊಡುವುದಿಲ್ಲ. ನಾನು ಹೊಸ್ತಿಲ ಹೊರಗೇ ಕೂತೆ, ಒಂಬತ್ತು ಗಜದ ಸೀರೆ, ಹಾರ, ಬಾಸಿಂಗ ಎಲ್ಲದರ ಸಮೇತ, ನೆಲದ ಮೇಲೆ. ಅವಳ ಕಣ್ಣು ನನ್ನ ಕಣ್ಣಿನ ಮಟ್ಟಕ್ಕೆ ಬಂತು.

"ಆನು ಶರ್ಮಿಳಾ," ಎಂದೆ. "ನಿನ್ನ ಆಯಿ ಅಲ್ಲ."

ಹಿಂದೆ ಯಾರೋ ಅಯ್ಯೋ ಎಂದರು. ಇಂಥ ಹೊತ್ತಿನಲ್ಲಿ ಹೊಸ ಹೆಣ್ಣು ಆಡುವ ಮಾತು ಅದಲ್ಲ, ನನಗೂ ಗೊತ್ತು. ಶ್ರೀಗೌರಿ ಈಗ ಬಳೆಯಿಂದ ಕಣ್ಣು ತೆಗೆದು ನನ್ನನ್ನು ನೋಡಿದಳು. ನಾನು ಬಳೆಗಳನ್ನು ಕಳಚತೊಡಗಿದೆ. ಬೆವರಿಗೆ ಅವು ಗಾಜಿನ ಬಳೆಗಳಿಗೆ ಸಿಕ್ಕಿಕೊಂಡವು, ಎಳೆದೆ, ಕೈ ತರಚಿತು. ಮದುಮಗಳು ಹೊಸ್ತಿಲಲ್ಲಿ ಬಳೆ ತೆಗೆಯುವುದೆಂದರೆ ಅಪಶಕುನಕ್ಕೆ ಇನ್ನೇನು ಬೇಕು. ಅತ್ತೆ ತಡೆಯುತ್ತಾರೆಂದುಕೊಂಡೆ. ಅವರು ಬಾಯಿಗೆ ಸೆರಗು ಹಿಡಿದು ನಿಂತಿದ್ದರು.

"ಇದು ನಿನ್ನ ಆಯಿದು. ನೀನೇ ಇಟ್ಕ," ಎಂದು ಎರಡೂ ಬಳೆಯನ್ನು ಅವಳ ಕಡೆ ಚಾಚಿದೆ.

ಅವಳು ತಟಕ್ಕನೆ ತೆಗೆದುಕೊಳ್ಳಲಿಲ್ಲ. ಅಪ್ಪನನ್ನು ನೋಡಿದಳು, ಅಜ್ಜಿಯನ್ನು ನೋಡಿದಳು, ತಲೆ ತಿರುಗಿಸಿ ಒಳಗೆ ನಡುಮನೆಯ ಗೋಡೆಯನ್ನು ನೋಡಿದಳು. ಅಲ್ಲಿ ಹೊಸ ಮಲ್ಲಿಗೆ ಮಾಲೆ ಹಾಕಿದ ಫೋಟೋ ಇತ್ತು. ನನ್ನ ತೋಳು ಚಾಚಿಕೊಂಡೇ ಇತ್ತು. ಬೇಡ ಎಂದು ಓಡಿಹೋದರೆ ನಾನು ಈ ನೆಲದಿಂದ ಹೇಗೆ ಏಳಲಿ ಎಂಬ ಒಂದೇ ಯೋಚನೆ ನನ್ನ ತಲೆಯಲ್ಲಿತ್ತು. ಎದ್ದು ಯಾವ ದಿಕ್ಕಿಗೆ ಹೋಗಲಿ ಎಂಬುದೂ ಗೊತ್ತಿರಲಿಲ್ಲ.

ಮುಷ್ಟಿ ಬಿಚ್ಚಿತು. ಅವಳು ಬಳೆಗಳನ್ನು ತೆಗೆದುಕೊಂಡು ತನ್ನ ಕೈಗೆ ಹಾಕಿದಳು. ಅವು ಮಣಿಕಟ್ಟಿನಲ್ಲಿ ನಿಲ್ಲಲಿಲ್ಲ, ಜಾರಿದವು. ಅವಳು ಅವನ್ನು ಮೊಣಕೈ ದಾಟಿಸಿ ಮೇಲಕ್ಕೆ, ತೋಳಿನ ತನಕ ಏರಿಸಿದಳು. ಅಲ್ಲಿ ಅವು ಬಿಗಿಯಾಗಿ ಕೂತವು. ಇನ್ನೊಂದು ಕೈಯಿಂದ ಒಮ್ಮೆ ಎಳೆದು ನೋಡಿ ಬೀಳುವುದಿಲ್ಲವೆಂದು ಖಾತ್ರಿ ಮಾಡಿಕೊಂಡಳು. ಆಮೇಲೆ ಬಾಗಿಲಿನಿಂದ ಒಂದು ಬದಿಗೆ ಸರಿದು ನಿಂತಳು.

"ಈಗ ಬಾ," ಎಂದಳು.